ಕುಂಕುಮ ಹಚ್ಚಿಸಿಕೊಂಡ ಬುದ್ಧ

ನಮ್ಮ ಅತ್ತೆ ನೈವೇದ್ಯವಾಗದೆ ಊಟಕ್ಕೆ ಕೂಡುವವರಲ್ಲ. ಮಂಡಿನೋವಿನಿಂದ ನೆಲದ ಮೇಲೆ ಕೂತೇಳುವುದು ಅವರಿಗೆ ಆಗದೆ ಹೋದಾಗಿನಿಂದ ಆ ಕೆಲಸ ನನ್ನದಾಯಿತು. ಗುಜರಾತಿನ ಮಣಿನಗರದ ನಮ್ಮ ರೈಲ್ವೆ ಕ್ವಾರ್ಟರ್ಸಿನಲ್ಲಿ ದೇವರಮನೆ ಎಂದು ಬೇರೆ ಇಲ್ಲ. ಅಡುಗೆಮನೆಯ ಗೋಡೆಗೆ ಹೊಡೆದ ಒಂದು ಹಲಗೆ, ಅದರ ಮೇಲೆ ಧಾರವಾಡದಿಂದ ನಮ್ಮ ಜೊತೆ ಬಂದ ದೇವರುಗಳು, ಕೆಳಗೆ ಗೋಧಿಹಿಟ್ಟಿನ ಡಬ್ಬಿ. ಅನ್ನ, ತೊವ್ವೆ, ಪಲ್ಯ, ಚಪಾತಿ ಎಲ್ಲ ತಾಟಿಗೆ ಬಡಿಸಿ, ಸುತ್ತ ನೀರು ತಿರುವಿ, ಕಣ್ಣು ಮುಚ್ಚಿ, ಗಂಟೆ ಬಾರಿಸಿ, "ಆತ್ರೀ ಅತ್ಯಾ" ಎನ್ನುತ್ತಿದ್ದೆ. ಅವರು ಕುರ್ಚಿಯಲ್ಲಿದ್ದೇ ಕೈಮುಗಿಯುತ್ತಿದ್ದರು.

ಕಣ್ಣು ಮುಚ್ಚಿದಾಗ ನನಗೆ ನೆನಪಾಗುತ್ತಿದ್ದದ್ದು ನಳದ ನೀರು, ನೆನೆಹಾಕದ ಕಡಲೆ. ದೇವರ ಮೇಲಿನ ನಂಬಿಕೆ ಹೋಗಿ ವರ್ಷಗಳಾಗಿದ್ದವು. ದೊಡ್ಡ ದುಃಖವೇನೂ ಬಂದು ಅದನ್ನು ಕಿತ್ತುಕೊಂಡಿರಲಿಲ್ಲ. ಮಕ್ಕಳ ಹಾಲುಹಲ್ಲಿನ ಹಾಗೆ ಸಡಿಲಾಗಿ, ಒಂದು ದಿನ ನೋಡಿದರೆ ಇರಲಿಲ್ಲ, ಅಷ್ಟೆ. ನನಗೆ ಅದರ ಬಗ್ಗೆ ಸಂಕಟವೂ ಇರಲಿಲ್ಲ. ಅಂಜಿಕೆ ಇದ್ದದ್ದು ಒಂದಕ್ಕೇ. ನಂಬಿಕೆಯಿಲ್ಲದವಳು ತೋರಿಸಿದ ನೈವೇದ್ಯ ಎಂದು ಗೊತ್ತಾದರೆ ಅತ್ತೆ ನನ್ನ ಕೈಯ ಊಟ ಬಿಟ್ಟಾರು. ಎಂಬತ್ತು ದಾಟಿದ ಜೀವ, ಹಟ ಹಿಡಿದರೆ ಮಗನ ಮಾತನ್ನೂ ಕೇಳುವುದಿಲ್ಲ.

ಮೇಲಿನ ಮಹಡಿಯ ಬೆನ್ ಮುನಿಸಿಪಾಲ್ಟಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಇಲ್ಲಿ ಅಕ್ಕ, ತಂಗಿ, ನೆರೆಯವಳು ಎಲ್ಲರೂ ಬೆನ್ನೇ. ಅವರದು ತಂದೆಯ ಕಾಲದಿಂದ ಬೌದ್ಧರ ಮನೆ. ಒಮ್ಮೆ ನೀರಿನ ಟ್ಯಾಂಕರಿಗೆ ಕಾಯುತ್ತ ನಿಂತಾಗ, ಭಾನುವಾರ ಬೆಳಿಗ್ಗೆ ಅವರು ಎಲ್ಲಿಗೆ ಹೋಗುತ್ತಾರೆಂದು ಕೇಳಿದೆ. "ಬಂದು ನೋಡಿ" ಎಂದರು. ಹೋದೆ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆ, ಹಾಸಿದ ಜಮಖಾನೆ, ಎದುರಿಗೆ ಬುದ್ಧನ ಮೂರ್ತಿ, ಪಕ್ಕದಲ್ಲಿ ಕೋಟು, ಕನ್ನಡಕ ತೊಟ್ಟ ನಾಯಕರ ಪಟ. ಮೇಣದಬತ್ತಿ ಹಚ್ಚಿ, ಊದಿನಕಡ್ಡಿ ಹಚ್ಚಿ, ಎಲ್ಲರೂ ನೆಲಕ್ಕೆ ಹಣೆ ಹಚ್ಚಿದಾಗ ನನಗೆ ನಿರಾಸೆಯಾಯಿತು. ಇಲ್ಲಿಯೂ ಅದೇ!

ಮೆಟ್ಟಿಲಿಳಿಯುತ್ತ ಬೆನ್ನರಿಗೆ ಹಿಂದಿಯಲ್ಲಿ ಹಾಗೆಯೇ ಹೇಳಿದೆ. ಅವರು ನಕ್ಕರು. "ನೀವು ನಿಮ್ಮ ಮಾಸ್ತರಿಗೆ ನಮಸ್ಕಾರ ಮಾಡಿರಲಿಲ್ವಾ? ಮಾಡುವಾಗ ಪಾಸು ಮಾಡಿಸಿ ಅಂತ ಬೇಡಿದ್ರಾ?"

"ಬೇಡಿದ್ದೆ."

"ಮಾಡಿಸಿದ್ರಾ?"

"ಗಣಿತದಲ್ಲಿ ಇಲ್ಲ."

ನಮಸ್ಕಾರದ ನಂತರದ್ದು ನನ್ನನ್ನು ಹಿಡಿಯಿತು. ಸುಮ್ಮನೆ ಕೂತು ಉಸಿರು ನೋಡುವುದು. ಯಾರನ್ನು ನಂಬುತ್ತೀ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಹಿಂದಿನ ಜನ್ಮ, ಮುಂದಿನ ಜನ್ಮದ ಮಾತು ಬಂದಾಗ ನನಗೆ ಒಪ್ಪಿಗೆಯಾಗಲಿಲ್ಲ, ಇವತ್ತಿಗೂ ಆಗಿಲ್ಲ. ಹೇಳಿದೆ. ಯಾರೂ ನನ್ನನ್ನು ಎಬ್ಬಿಸಿ ಕಳಿಸಲಿಲ್ಲ. ಮನೆಯಲ್ಲಿ ಚಪಾತಿ ಲಟ್ಟಿಸುವ ಹೊತ್ತಿಗೇ ಅತ್ತೆ ಒಳಗಿನಿಂದ ಕೂಗುತ್ತಾರೆ, "ನನ್ನ ಕನ್ನಡಕ ಎಲ್ಲ್ಯದ? ಕೊಡೆ ತಂಗಿ." ಹಂಚಿನ ಮೇಲಿನದು ಹೊಗೆಯಾಡುತ್ತದೆ, ನನಗೆ ಕಿವಿಯ ಹಿಂದೆ ಬಿಸಿ ಏರುತ್ತದೆ. ಮೊದಲೆಲ್ಲ ಅದು ಏರಿದ್ದು ಪಾತ್ರೆ ಕುಕ್ಕಿದ ಮೇಲೆಯೇ ನನಗೆ ತಿಳಿಯುತ್ತಿತ್ತು. ಈಗ ಏರುವಾಗಲೇ ಗೊತ್ತಾಗತೊಡಗಿತು. ಗ್ಯಾಸ್ ಸಣ್ಣಗೆ ಮಾಡಿ, ಕನ್ನಡಕ ಕೊಟ್ಟು ಬಂದರೆ ಮುಗಿಯಿತು. ದೇವರಿಲ್ಲದವರಿಗೆ ಬುದ್ಧ ಹಿಡಿಸುತ್ತಾನೆಯೇ ಎಂದು ಯಾರಾದರೂ ಕೇಳಿದರೆ, ಇದಕ್ಕಾಗಿಯೇ ನಾನು ಹೌದು ಎನ್ನುತ್ತೇನೆ. ಅವನು ಕೊಟ್ಟ ಕೆಲಸಕ್ಕೆ ನಂಬಿಕೆಯ ಬಂಡವಾಳ ಬೇಕಾಗಲಿಲ್ಲ.

ಬೆನ್ ನನಗೊಂದು ಅಂಗೈಯಗಲದ ಬಿಳಿ ಬುದ್ಧನನ್ನು ಕೊಟ್ಟರು. ಬಾಲ್ಕನಿಯಲ್ಲಿ, ವಾಷಿಂಗ್ ಮಷೀನಿನ ಪಕ್ಕ ನಾನು ಕೂಡುವ ಜಾಗದಲ್ಲಿ ಇಟ್ಟೆ. ಮರುದಿನ ನೋಡಿದರೆ ಅವನು ಅಡುಗೆಮನೆಯ ಹಲಗೆಯ ಮೇಲೆ ವೆಂಕಟೇಶನ ಪಕ್ಕದಲ್ಲಿದ್ದ. ಹಣೆಗೆ ಕುಂಕುಮ, ತಲೆಯ ಮೇಲೆ ದಾಸವಾಳ.

"ದಶಾವತಾರದಾಗ ಒಂಬತ್ತನೇದಾಂವಲ್ಲೇನು?" ಎಂದರು ಅತ್ತೆ, ಮೆಚ್ಚುಗೆಯಿಂದ. "ಅರಿವಿ ಒಗಿಯೋ ಕಡೆ ಕೂಡಿಸೀಯಲ್ಲ ಅಂವನ್ನ. ಹೊಲಸು ನೀರು ಸಿಡೀತದ."

ಒರೆಸಿ ತಂದು ಬಾಲ್ಕನಿಯಲ್ಲಿಡುತ್ತಿದ್ದೆ. ಅವರು ಗೋಡೆ ಹಿಡಿದುಕೊಂಡು ಹೋಗಿ ಮತ್ತೆ ಹಲಗೆಗೆ ಏರಿಸುತ್ತಿದ್ದರು. ಕೊನೆಗೆ ಬಿಟ್ಟುಬಿಟ್ಟೆ. ಯಾಕೆಂದು ವಿವರಿಸಲು ಹೋದರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು.

ಒಂದು ಬೆಳಿಗ್ಗೆ ಬೆನ್ ನನ್ನ ಖಾಲಿ ಡಬ್ಬಿ ಕೊಡಲು ಬಂದವರು ಅಡುಗೆಮನೆಯವರೆಗೂ ಬಂದರು. ಅತ್ತೆ ಕುರ್ಚಿಯಲ್ಲಿ ಮೆಂತ್ಯ ಸೋಸುತ್ತಿದ್ದರು. "ಆವೋ ಬೆನ್" ಎಂದರು. ಅವರಿಗೆ ಬರುವ ಗುಜರಾತಿ ಅಷ್ಟೆ. ಬೆನ್ ಹಲಗೆಯನ್ನೇ ನೋಡುತ್ತ ನಿಂತರು.

"ನನ್ನ ಅಪ್ಪನನ್ನು ಗುಡಿಯೊಳಗೆ ಬಿಡಲಿಲ್ಲ," ಎಂದರು ಹಿಂದಿಯಲ್ಲಿ, ದನಿಯೇರಿಸದೆ. "ಅಪ್ಪ ಗುಡಿಯನ್ನೇ ಬಿಟ್ಟು ಇವನ ಹತ್ತಿರ ಬಂದರು. ಬುದ್ಧ ವಿಷ್ಣುವಿನ ಅವತಾರ ಅಲ್ಲ ಅಂತ ದೀಕ್ಷೆಯ ದಿನ ಎಲ್ಲರೆದುರು ಬಾಯಿಬಿಟ್ಟು ಹೇಳಿದ್ದರು. ನೀವು ಇವನನ್ನೇ ಗುಡಿಯೊಳಗೆ ಹಾಕಿದಿರಲ್ಲ, ಬೆನ್."

"ಏನಂತಾಳ ಆಕಿ?" ಅತ್ತೆ ಮುಖವರಳಿಸಿ ಕೇಳಿದರು. "ಹೂವು ಚಲೋ ಕಾಣಸ್ತಾವಂತೇನು?"

ಹೌದು ಎಂದಿದ್ದರೆ ಇಬ್ಬರಿಗೂ ಚಹಾ ಕೊಟ್ಟು ಆ ದಿನ ದಾಟಿಸಬಹುದಿತ್ತು. ಕಿವಿಯ ಹಿಂದೆ ಬಿಸಿ ಏರಿತು. ಈ ಸಲ ಅದು ಸಿಟ್ಟಲ್ಲ, ಅಂಜಿಕೆ. ಅದು ಏರುವುದನ್ನೇ ನೋಡಿದೆ. ಆಮೇಲೆ ಬೆನ್ ಹೇಳಿದ್ದನ್ನೆಲ್ಲ ಒಂದು ಮಾತೂ ಬಿಡದೆ ಕನ್ನಡದಲ್ಲಿ ಹೇಳಿದೆ. ಅಲ್ಲಿಗೇ ನಿಲ್ಲಲಿಲ್ಲ.

"ಇಂವಾ ದೇವರಲ್ರೀ ಅತ್ಯಾ. ಅದಕ್ಕs ನನಗ ಹಿಡಿಸ್ಯಾನ. ನನಗ ದೇವರ ಮ್ಯಾಲೆ ನಂಬಿಕಿ ಉಳಿದಿಲ್ಲ."

ಅತ್ತೆಯ ಕೈಯಲ್ಲಿ ಮೆಂತ್ಯದ ದಂಟು ಹಾಗೇ ಇತ್ತು. "ಮತ್ತ ದಿನಾ ನೈವೇದ್ಯ ತೋರಸ್ತಿದ್ದಿ?"

"ನಿಮ್ಮ ಸಲುವಾಗಿ."

ಅವರು ಬೆನ್ನರ ಕಡೆ ನೋಡಿ, ಎದುರಿನ ಕುರ್ಚಿ ತೋರಿಸಿದರು. "ಆಕಿ ಅಪ್ಪನ್ನ ಗುಡಿಯೊಳಗ ಬಿಡಲಿಲ್ಲಂತೇನು?" ಎಂದು ಮತ್ತೊಮ್ಮೆ ಕೇಳಿದರು. ಹೌದೆಂದೆ. "ಚಹಾ ಮಾಡು. ಆಕಿ ನಿಂತs ಇದ್ದಾಳ." ನಾನು ಚಹಾಕ್ಕಿಡುವಷ್ಟರಲ್ಲಿ ಬುದ್ಧನನ್ನು ಇಳಿಸಿ ಕೊಡಲು ಹೇಳಿ, ಸೆರಗಿನ ತುದಿ ಒದ್ದೆ ಮಾಡಿಕೊಂಡು ಅವನ ಹಣೆ ಒರೆಸತೊಡಗಿದರು. ಗುಂಗುರು ಕೂದಲ ಸಂದಿಯಲ್ಲಿ ಕೆಂಪು ಉಳಿಯಿತು. ಬೆನ್ ಮೂರ್ತಿಯನ್ನು ಕೈಗೆ ತೆಗೆದುಕೊಂಡು, "ರೆಹ್ವಾ ದೋ, ಬಾ" ಎಂದರು. ಇರಲಿ ಬಿಡಿ, ಅಮ್ಮಾ.

ಮಧ್ಯಾಹ್ನ ತಾಟು ಬಡಿಸಿ ನಿಂತೆ. ಗಂಟೆ ಮುಟ್ಟಲು ಕೈ ಹೋಗಲಿಲ್ಲ.

"ನಂಬಿಕಿ ಇಲ್ಲದಾಕಿ ಬಾರಸಬ್ಯಾಡ," ಎಂದರು ಅತ್ತೆ. "ಕುರ್ಚಿ ಇತ್ತ ಎಳಿ. ತಾಟು ನೀ ಹಿಡಿ."

ಕೂತಲ್ಲಿಂದಲೇ ನೀರು ತಿರುವಿದರು. ಅರ್ಧ ನನ್ನ ಕೈಮೇಲೆ ಬಿತ್ತು. ಮಂತ್ರ ನಿಧಾನವಾಗಿ ಸಾಗಿತು. ತಾಟು ಹಿಡಿದು ನಿಂತ ನಾನು ಉಸಿರು ನೋಡುತ್ತಿದ್ದೆ. ಗಂಟೆ ಬಾರಿಸಿ, ನನ್ನ ಕೈಯ ತಾಟನ್ನು ತೊಡೆಯ ಮೇಲೆಳೆದುಕೊಂಡು, ಮೊದಲ ತುತ್ತು ಬಾಯಿಗಿಟ್ಟರು.

"ಉಪ್ಪು ಕಡಿಮಿ ಆಗ್ಯದ."

ತಂದುಕೊಟ್ಟೆ. ಎರಡನೆಯ ಚಪಾತಿಗೆ ಮಾತು ತೆಗೆದರು. "ಅಲ್ಲಿ ಹೋಗಿ ಏನ್ ಬೇಡ್ತೀರಿ?"

"ಏನೂ ಇಲ್ರೀ."

"ಮತ್ತ ಅಷ್ಟೊತ್ತು ಏನ್ ಮಾಡ್ತೀರಿ?"

"ಉಸಿರು ನೋಡ್ತೀವಿ."

"ಅದನ್ನೇನ್ ನೋಡೋದು? ಅದರ ಪಾಡಿಗೆ ಅದು ಆಡ್ತಿರ್ತದ."

ಈಗ ಅವರ ಮನೆದೇವರ ಕೆಲಸ ಅವರದು, ತಾಟು ಹಿಡಿಯುವುದು ನನ್ನದು. ಬುದ್ಧ ವಾಷಿಂಗ್ ಮಷೀನಿನ ಪಕ್ಕ ಇದ್ದಾನೆ. ನೀರು ಸಿಡಿಯದಿರಲೆಂದು ಅತ್ತೆ ಅವನ ಕೆಳಗೆ ಒಂದು ಮಣೆ ಇಡಿಸಿದ್ದಾರೆ. ಭಾನುವಾರ ನಾನು ಹೊರಡುವುದು ತಡವಾದರೆ ಒಳಗಿನಿಂದ ಕೂಗು ಬರುತ್ತದೆ.

"ಏ, ಮ್ಯಾಲಿನಾಕಿ ಇಳದ ಸಪ್ಪಳ ಆತು. ದೇವರಿಲ್ಲದ ಗುಡಿಗೆ ಹೋಗೂದಿಲ್ಲೇನು? ಹಿಟ್ಟು ನಾದಿಟ್ಟು ಹೋಗು."