ಹನ್ನೊಂದು ಒಂದುಗಳು

ಸೋಪಿನ ನೀರಿನಲ್ಲಿ ಹಸಿ ರೇಷ್ಮೆ ಬೇಯುವ ವಾಸನೆ ಎಲ್ಲಿಂದ ಬಂದರೂ ನಾನು ನಿಂತುಬಿಡುತ್ತೇನೆ. ಕೊಳ್ಳೇಗಾಲದ ನಮ್ಮ ಮನೆ ಈಗಿಲ್ಲ. ಆ ವಾಸನೆಯೊಳಗೆ ಮಾತ್ರ ಅದರ ಹಿತ್ತಿಲ ಒಲೆಯಿದೆ, ನೆಲದ ಗುಂಡಿಗೆ ಕಾಲು ಇಳಿಬಿಟ್ಟು ನೇಯುವ ಅಪ್ಪನಿದ್ದಾರೆ, ಪಕ್ಕದಲ್ಲಿ ರಾಟೆ ತಿರುಗಿಸುವ ಅತ್ತೆಯಿದ್ದಾಳೆ. ಅತ್ತೆಯೆಂದರೆ ಅಪ್ಪನ ಅಕ್ಕ, ಪುಟ್ಟತಾಯಮ್ಮ. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೇ ಬಂದವಳು, ಏಳನೇ ಕ್ಲಾಸಿಗೆ ಓದು ಬಿಟ್ಟವಳು. ಸೀರೆಯ ಎಳೆಗಳನ್ನು ಎಣಿಸಿ ಸಮನಾದ ಕಟ್ಟು ಮಾಡುವಾಗ, ಎಷ್ಟರಿಂದ ಭಾಗಿಸಿದರೂ ಒಂದಿಷ್ಟು ಉಳಿದೇ ಉಳಿಯುವ ಸಂಖ್ಯೆ ಸಿಕ್ಕರೆ ಅವಳ ಮುಖ ಅರಳುತ್ತಿತ್ತು. ಅದನ್ನು ಅವಳು 'ಒಡೀದ ಸಂಖ್ಯೆ' ಅನ್ನುತ್ತಿದ್ದಳು. ಶಾಲೆಯಲ್ಲಿ ಅದಕ್ಕೆ ಅವಿಭಾಜ್ಯ ಎಂಬ ಹೆಸರಿದೆಯೆಂದು ನಾನು ಕಲಿತದ್ದು ಆಮೇಲೆ.

ಬರೀ ಒಂದನ್ನೇ ಒಡೀದ ಸಂಖ್ಯೆಯಷ್ಟು ಸಲ ಸಾಲಾಗಿ ಬರೆದು ಆ ಸಾಲು ಒಡೆಯುತ್ತದೆಯೇ ಎಂದು ನೋಡುವುದು ಅವಳ ಹುಚ್ಚು. ಮೂರು ಒಂದು ಬರೆದರೆ ಮೂರು ಮತ್ತು ಮೂವತ್ತೇಳಾಗಿ ಒಡೆಯುತ್ತದೆ. ಐದು ಬರೆದರೆ ನಲವತ್ತೊಂದು ಮತ್ತು ಇನ್ನೂರ ಎಪ್ಪತ್ತೊಂದು. ಏಳು ಒಂದುಗಳನ್ನು ಒಡೆಯಲು ಅವಳಿಗೆ ಹಲವು ದಿನ ಹಿಡಿಯಿತಂತೆ. ಹನ್ನೊಂದು ಒಂದುಗಳು ಮಾತ್ರ ಯಾವುದಕ್ಕೂ ಬಗ್ಗಲಿಲ್ಲ: ಸಾವಿರದ ನೂರ ಹನ್ನೊಂದು ಕೋಟಿ, ಹನ್ನೊಂದು ಲಕ್ಷ, ಹನ್ನೊಂದು ಸಾವಿರದ ನೂರ ಹನ್ನೊಂದು. ಚಿಕ್ಕ ಅವಿಭಾಜ್ಯದಿಂದ ಶುರುಮಾಡಿ ಒಂದೊಂದರಿಂದಲೂ ಭಾಗಿಸಿ ನೋಟ್‌ಬುಕ್ಕಿನಲ್ಲಿ ಶೇಷ ಬರೆಯುತ್ತಾ ಹೋದಳು. "ಅದ್ರಿಂದ ಸೀರೆ ಆದದಾ ಅಕ್ಕಾ?" ಎಂದು ಅಪ್ಪ ರೇಗಿಸುತ್ತಿದ್ದರು. "ಒಡೀಲಿ, ಬುಡ್ಲಿ. ಗೊತ್ತಾಗ್‌ಬೇಕು, ಅಷ್ಟೆಯ," ಅನ್ನುತ್ತಿದ್ದಳು.

ನನಗೆ ಹತ್ತು ವರ್ಷವಾಗುವ ಹೊತ್ತಿಗೆ ಅವಳ ಕಣ್ಣು ಮಂಜಾಯಿತು. ಶಾಲೆಯಿಂದ ಬಂದು ಭಾಗಾಕಾರ ಮಾಡುವವಳು ನಾನಾದೆ. ಒಂದು ಸಂಜೆ ಬೀದಿಯಲ್ಲಿ ಗೆಳತಿಯರು ಕುಂಟೆಬಿಲ್ಲೆಗೆ ಕೂಗುತ್ತಿದ್ದರು. ಆ ದಿನದ ಸಂಖ್ಯೆ ಒಂಬತ್ತು ಸಾವಿರದ ಒಂಬೈನೂರ ಎಪ್ಪತ್ಮೂರು. ಅರ್ಧಕ್ಕೇ ಬಿಟ್ಟು, "ಅತ್ತೆ, ಒಡೀತು!" ಎಂದುಬಿಟ್ಟೆ. ಅಪ್ಪನ ಮಗ್ಗ ನಿಂತಿತು. ರೇಗಿಸುತ್ತಿದ್ದ ಅಪ್ಪನೇ ಗುಂಡಿಯಿಂದೆದ್ದು ಬಂದರು. ಅತ್ತೆಯ ಕಣ್ಣಲ್ಲಿ ನೀರಿತ್ತು. "ಎಷ್ಟ್ ಸಲ ಓಯ್ತು, ಯೋಳು ಕೂಸೇ," ಎಂದಳು. ಬಾಯಿಗೆ ಬಂದದ್ದು ಹೇಳಿದೆ: ಹನ್ನೊಂದು ಲಕ್ಷದ ಹದಿನಾಲ್ಕು ಸಾವಿರದ ನೂರ ಇಪ್ಪತ್ತನಾಲ್ಕು.

ಎರಡೂ ಸಂಖ್ಯೆಯ ಕೊನೆಯಂಕಿ ಗುಣಿಸುತ್ತಾ ಅವಳ ತುಟಿ ಅಲುಗಿತು. "ಮೂರ್ನಾಕ್ಲ ಅನ್ನೆರಡು. ಕೊನೇಲಿ ಎರಡು ಬತ್ತದೆ. ಒಂದೆಲ್ಲಿ ಬಂತು?"

ನಾನು ತಲೆ ತಗ್ಗಿಸಿದೆ. ಅವಳು ಬೈಯಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, "ಆಟಕ್ಕೋಗು ಕೂಸೇ. ಬ್ಯಾಸರ ಆದ್ರೆ ಬ್ಯಾಸರ ಅನ್ನು, ಸುಳ್ಳು ಮಾತ್ರ ಬರೀಬ್ಯಾಡ," ಎಂದಳು. ನಾನು ಹೋಗಲಿಲ್ಲ. ಅಳುತ್ತಲೇ ಲೆಕ್ಕ ಮುಗಿಸಿದೆ. ಶೇಷ ಉಳಿಯಿತು.

ಆಮೇಲೆ ಇಬ್ಬರೂ ವರ್ಷಗಟ್ಟಲೆ ಮುಂದುವರಿಸಿದೆವು. ಅತ್ತೆ ತೀರಿಕೊಂಡಾಗ ನೋಟ್‌ಬುಕ್ಕು ಹದಿನೇಳು ಸಾವಿರದ ಮುನ್ನೂರ ಎಂಬತ್ತೊಂಬತ್ತಕ್ಕೆ ನಿಂತಿತ್ತು. ಅದು ಎರಡು ಸಾವಿರನೆಯ ಅವಿಭಾಜ್ಯ. ಮನೆ ಮಾರಿದ ಮೇಲೆ ಆ ನೋಟ್‌ಬುಕ್ಕನ್ನು, ನಾನು ಪಾಠ ಹೇಳುವ ಯಳಂದೂರಿಗೆ ತಂದಿಟ್ಟುಕೊಂಡೆ. ಬಹಳ ಕಾಲ ತೆರೆಯಲು ಧೈರ್ಯವಾಗಲಿಲ್ಲ. ಹೋದ ವರ್ಷ ಮತ್ತೆ ಶುರುಮಾಡಿದೆ, ದಿನಕ್ಕೆ ಎರಡೋ ಮೂರೋ. ಕೇಳಿದ್ದರೆ ನನ್ನ ಮಕ್ಕಳು ಮೊಬೈಲಿನಲ್ಲಿ ಚಿಟಿಕೆ ಹೊಡೆಯುವಷ್ಟರಲ್ಲಿ ಹೇಳಿಬಿಡುತ್ತಿದ್ದರು, ನಾನು ಕೇಳಲಿಲ್ಲ.

ಕಳೆದ ತಿಂಗಳು, ಇಪ್ಪತ್ತೊಂದು ಸಾವಿರದ ಆರುನೂರ ನಲವತ್ತೊಂಬತ್ತರಲ್ಲಿ, ಶೇಷ ಸೊನ್ನೆ ಬಂತು. ನಂಬಿಕೆಯಾಗದೆ ಮೂರು ಸಲ ಮಾಡಿದೆ. ಭಾಗಲಬ್ಧ ಐದು ಲಕ್ಷದ ಹದಿಮೂರು ಸಾವಿರದ ಇನ್ನೂರ ಮೂವತ್ತೊಂಬತ್ತು. ಹನೂರಿನಲ್ಲಿ ತಮ್ಮನ ಮನೆಯಲ್ಲಿರುವ ಅಪ್ಪನಿಗೆ ಫೋನು ಮಾಡಿ, "ಅತ್ತೇದು ಒಡೀತಪ್ಪ," ಎಂದೆ. ಅವರು ಎರಡೂ ಸಂಖ್ಯೆಯನ್ನು ನನ್ನಿಂದ ನಿಧಾನವಾಗಿ ಹೇಳಿಸಿಕೊಂಡರು, ಮತ್ತೊಮ್ಮೆ ಹೇಳಿಸಿಕೊಂಡರು. ಆಮೇಲೆ ಅಂದರು:

"ನಮ್ಮಕ್ಕ ಇದ್ದಿದ್ರೆ ಇಷ್ಟೊತ್ಗೆ ಅದಿಮೂರು ಒಂದ ಬರ್ದ್‌ಬುಡೋಳು ಕಣವ್ವ."

ಆ ಕಡೆಯಿಂದ ಬೆಟ್ಟಕ್ಕೆ ಹೋಗುವ ಬಸ್ಸಿನ ಹಾರನ್ ಕೇಳಿಸಿತು. ಇಬ್ಬರೂ ಫೋನನ್ನು ಇಡಲಿಲ್ಲ.