ನಾನು ಆರಿಸಿದ ಮಾನಿಟರ್

ಹಗಲೆಲ್ಲ ಲಗ್ನಪತ್ರಿಕೆ ಟೈಪ್ ಮಾಡುವುದಕ್ಕೂ ಸಂಜೆ ಕಾರ್ ರೇಸ್ ಆಡುವುದಕ್ಕೂ ಒಂದೇ ಮಾನಿಟರ್ ಬೇಕೆಂದು ತಿಂಗಳುಗಟ್ಟಲೆ ಹುಡುಕಿದ್ದೆ. ಅಕ್ಷರ ಒಡೆಯಬಾರದು, ಕಾರು ಓಡುವಾಗ ಚಿತ್ರ ಮಸುಕಾಗಬಾರದು, ಪರದೆಯಲ್ಲಿ ಕಿಟಕಿಯ ಬೆಳಕು ಹೊಳೆಯಬಾರದು. ಕೊನೆಗೊಂದನ್ನು ಆರಿಸಿ, ಬಾಯಿ ಸುಮ್ಮನಿರದೆ, ಭಾಲ್ಕಿಯಲ್ಲಿರುವ ಕಾಕಾನ ಮಗನಿಗೆ ಹೇಳಿದೆ. ಮರುವಾರವೇ ಅವನು ಅದನ್ನು ತನ್ನ ಮನೆಗೆ ತಂದುಬಿಟ್ಟ.

ಬೀದರಿನಿಂದ ಭಾಲ್ಕಿಯವರೆಗೂ ಬಸ್ಸಿನಲ್ಲಿ ಹೊಟ್ಟೆ ಉರಿಯುತ್ತಲೇ ಇತ್ತು. ಹೋಗಿ ನೋಡಿದರೆ, ಅವನ ತಾಯಿ, ನಮ್ಮ ಕಾಕು, ಹೊಸ ಮಾನಿಟರಿಗೆ ಪೂಜೆ ಮಾಡಿ, ಪರದೆಯ ನಟ್ಟನಡುವೆ ಮೂರು ಬೆರಳು ವಿಭೂತಿ ಎಳೆದಿದ್ದರು! ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಅಂಥ ಪರದೆಯ ಮೇಲೆ ವಿಭೂತಿ ತಿಕ್ಕಿದರೆ ಗೀರು ಬೀಳದೇ ಇರುತ್ತದೆಯೇ?

“ಜಲ್ದಿ ಒರಸೋ, ಆಡೂಣು,” ಎಂದೆ.

ಅವನು ಒರೆಸಲಿಲ್ಲ. ಮೂಲೆಗೆ ಉಗುರು ಹಾಕಿ, ಕಂಪನಿಯವರು ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ವಿಭೂತಿಸಮೇತ ಸರ್ರನೆ ಕಿತ್ತ. ಒಳಗಿನ ಪರದೆಗೆ ಒಂದು ಗೀರೂ ಇರಲಿಲ್ಲ.

“ಭಾಳ ವಿಚಾರ ಮಾಡಿ ತಂದಾನಪ್ಪಾ ನಮ್ಮ ಹುಡುಗ,” ಎಂದು ಕಾಕು ನನಗೆ ಚಹಾ ಕೊಟ್ಟರು.

ಅವನು ಆಟ ಶುರುಮಾಡಿ, ನನ್ನ ಕಡೆ ತಿರುಗದೆಯೇ ಹೇಳಿದ: “ನೀನೂ ಇದನ್ನ ತಗೋ ಅಣ್ಣಾ. ಏನರ ತಿಳೀಲಿಲ್ಲಂದ್ರ ನನಗ ಕೇಳು.”