ಆಯಿ ಚಿವುಟಿದ ಬ್ರೊಕೊಲಿ

ಆಯಿಯ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಸೀಳಿನುದ್ದಕ್ಕೂ ಸೊಪ್ಪಿನ ಕರೆ ಹಿಡಿದು ಕಪ್ಪಾಗಿತ್ತು. ಬಲಗೈಯದೋ ಎಡಗೈಯದೋ, ಆಣೆ ಮಾಡಿ ಹೇಳಲಾರೆ. ಆ ಉಗುರಿನಿಂದ ಅವರು ನನ್ನ ಬ್ರೊಕೊಲಿಯ ತಲೆ ಚಿವುಟಿದ್ದು ಬೆಳಿಗ್ಗೆಯೋ ಸಂಜೆಯೋ ಎಂಬುದೂ ಖಚಿತವಿಲ್ಲ. ನನ್ನ ನೆನಪು ಸುಡುಬಿಸಿಲನ್ನು ತೋರಿಸುತ್ತದೆ. ಆದರೆ ಅದು ನಾನು ಆಡಿದ ಎಲ್ಲ ಜಗಳಗಳನ್ನೂ ಬಿಸಿಲಿನಲ್ಲೇ ತೋರಿಸುತ್ತದೆ.

ಬೀದರಿನಲ್ಲಿ ಅವರದು ನಮ್ಮ ಪಕ್ಕದ ಮನೆ. ಔರಾದ ತಾಲ್ಲೂಕಿನ ಎಕಂಬಾದ ಹೊಲದಲ್ಲಿ ಆಯುಷ್ಯ ಕಳೆದು, ಮೊಣಕಾಲು ಸೋತ ಮೇಲೆ ಮಗನ ಹತ್ತಿರ ಬಂದಿದ್ದರು. ಓಣಿಗೆಲ್ಲ ಅಜ್ಜಿಯಂತಿದ್ದರು, ಎಲ್ಲರೂ ಆಯಿ ಎನ್ನುತ್ತಿದ್ದರು. ನಾನು ಭಾಲ್ಕಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು, ದಿನಾ ಬಸ್ಸಿನಲ್ಲಿ ಹೋಗಿಬರುವವನು. ಬೆಳಿಗ್ಗೆ ಕಾಂಪೌಂಡಿನ ಆಚೆಯಿಂದ ದನಿ ಬರುತ್ತಿತ್ತು: "ಮಾಸ್ತರ, ಬಸ್ಸಿನ್ಯಾಗ ಯಾರೂ ನಿಮ್ ಕೂದ್ಲಾ ನೋಡಂಗಿಲ್ಲ. ಬಾಚಿದ್ದು ಸಾಕು, ನಡೀರಿ."

ಅವರ ಮನೆಯ ಮುಂದೆ ನಾಲ್ಕು ಹೊರಸು ಮಂಚ ಹಾಕುವಷ್ಟು ಮಣ್ಣಿನ ಜಾಗ ಉಳಿದಿತ್ತು. ಅಲ್ಲಿ ಫರಸಿ ಕಲ್ಲು ಹಾಸಿ ಕಾರು ನಿಲ್ಲಿಸಬೇಕೆಂದು ಮಗ ಕಲ್ಲನ್ನೂ ತರಿಸಿ ಗೇಟಿನ ಬದಿಗೆ ಒಟ್ಟಿದ್ದ. ಅದೇ ದಿನಗಳಲ್ಲಿ ಹೈದರಾಬಾದಿನಿಂದ ನಾನು ಎಳೆದಂಟಿನ ಬ್ರೊಕೊಲಿಯ ಬೀಜ ತಂದಿದ್ದೆ. ನಮ್ಮಲ್ಲಿ ಮಣ್ಣಿಲ್ಲ, ಅವರಲ್ಲಿದೆ. ದಸರೆಯ ಹೊತ್ತಿಗೆ ಆರು ಸಸಿ ನೆಟ್ಟೆವು.

ಮಗ ನಕ್ಕು ಹೇಳಿದ: "ಎಳ್ಳಮಾವಾಸಿ ತನಕ ನೋಡ್ತೀನವ್ವಾ. ಅವತ್ತು ಹಬ್ಬದ ಊಟಕ್ಕ ಮನಿಮಂದಿಗೆಲ್ಲಾ ಸಾಲೋವಷ್ಟು ಕಾಯಿಪಲ್ಯಾ ಈ ಮಣ್ಣಿಂದ ಬಂತಂದ್ರ ಮಣ್ಣು ನಿಂದು. ಇಲ್ಲಂದ್ರ ಫರಸಿ."

ಆಯಿಯೂ ನಕ್ಕರು. ಮಗ ಒಳಗೆ ಹೋದ ಮೇಲೆ ನನ್ನ ಕಡೆ ತಿರುಗಿ, "ಮಣ್ಣು ಹೋತಂದ್ರ ನಾ ಹಗಲೆಲ್ಲಾ ಟೀವಿ ಮುಂದ ಕುಂದ್ರಬೇಕು ಮಾಸ್ತರ. ಎಷ್ಟಂತ ಕುಂದ್ರಲಿ?" ಎಂದರು.

ಗಿಡಗಳು ಮೊಣಕಾಲೆತ್ತರ ಬಂದು, ನಡುವೆ ಲಿಂಬೆಹಣ್ಣಿನ ಗಾತ್ರದ ಹಸಿರು ಮೊಗ್ಗಿನ ತಲೆ ಮೂಡಿತು. ಫೋನಿನಲ್ಲಿ ಬ್ರೊಕೊಲಿಯ ಬಗ್ಗೆ ಸಿಕ್ಕದ್ದನ್ನೆಲ್ಲ ಓದಿದ್ದೆ. ತಲೆ ಅಂಗೈಯಗಲ ತುಂಬುವವರೆಗೆ ಕಾಯಬೇಕಿತ್ತು. ಒಂದು ದಿನ ಹೋಗಿ ನೋಡಿದರೆ ಗಿಡ ಬೋಳು, ತಲೆಗಳು ಆಯಿಯ ಉಡಿಯಲ್ಲಿ.

"ಇದೇನು ಮಾಡಿದ್ರಿ ಆಯಿ?"

"ಕುಡಿ ಚಿವುಟೀನಿ."

"ಅದು ಕುಡಿ ಅಲ್ರಿ, ಅದನ್ನೇ ತಿನ್ನೋದು. ಹೂಕೋಸಿನಂಗ ದೊಡ್ಡದಾಗಬೇಕಿತ್ತು."

"ಹೂಕೋಸಿನ ದಂಟು ನೋಡೀರೇನು? ನನ್ನ ಮುಂಗೈ ಇದ್ದಂಗಿರ್ತದ. ಇದು ನಿಮ್ ಕುತ್ತಿಗಿ ಇದ್ದಂಗದ. ಇದು ಭಾರೀ ತಲಿ ಹೊರಂಗಿಲ್ಲ."

ಅವರ ಊರಿನಲ್ಲಿ ಕಡಲೆ ಗೇಣುದ್ದ ಬಂದಾಗ ಹೆಂಗಸರು ಸಾಲು ಹಿಡಿದು ಕುಡಿ ಚಿವುಟುತ್ತಾರೆ. ಕುಡಿ ಪಲ್ಯಕ್ಕಾಗುತ್ತದೆ, ಗಿಡ ಕವಲೊಡೆದು ಹಬ್ಬುತ್ತದೆ. ಅದನ್ನೇ ಇಲ್ಲಿ ಮಾಡಿದ್ದರು. ಕಡಲೆಯ ಕುಲ ಬೇರೆ, ಇದರ ಕುಲ ಬೇರೆ ಎಂದು ನಾನು ಪಾಠ ಶುರುಮಾಡಿದೆ. "ಕುಲ ನೀವು ಕೇಳ್ರಿ. ನಾ ದಂಟು ಕೇಳ್ತೀನಿ" ಎಂದು ಆಯಿ ಎದ್ದು ಹೋದರು. ಎಳ್ಳಮಾವಾಸ್ಯೆಗೆ ಮೂರು ವಾರವೂ ಇರಲಿಲ್ಲ. ಅವರ ಮಣ್ಣನ್ನು ಅವರೇ ಕಳೆದುಕೊಂಡರೆಂಬ ಸಿಟ್ಟಿಗೆ ನಾನು ಆ ಕಡೆ ನೋಡುವುದನ್ನೇ ಬಿಟ್ಟೆ.

ಎರಡು ವಾರದ ಮೇಲಿರಬೇಕು, ಆಯಿಯ ಸೊಸೆ ಕಾಂಪೌಂಡಿನ ಮೇಲಿಂದ ಕರೆದರು. ಎಲೆಎಲೆಯ ಬುಡದಿಂದಲೂ ಪೆನ್ಸಿಲ್ ದಪ್ಪದ ದಂಟು ಹೊರಟು, ತುದಿಯಲ್ಲಿ ಪುಟ್ಟ ಮೊಗ್ಗಿನ ಗೊಂಚಲು ಹೊತ್ತಿತ್ತು. ಮೊಗ್ಗು ಬಿರಿಯುವ ಮೊದಲೇ ಆಯಿ ಅವನ್ನು ಕೊಯ್ಯುತ್ತಿದ್ದರು. ಕೊಯ್ದಷ್ಟೂ ಮತ್ತೆ ಬರುತ್ತಿದ್ದವು. ಆಗ ಬೀಜದ ಪೊಟ್ಟಣ ಹುಡುಕಿ ಹಿಂದಿನ ಸಣ್ಣ ಅಕ್ಷರ ಓದಿದೆ: ಈ ಜಾತಿಯಲ್ಲಿ ನಡುವಿನ ತಲೆಯನ್ನು ಬೇಗ ಕತ್ತರಿಸಬೇಕಂತೆ. ನಾನು ಓದಿದ್ದೆಲ್ಲ ಬೇರೆ ಬ್ರೊಕೊಲಿಯ ವಿಷಯ.

"ಹಬೆಯಲ್ಲಿ ಬೇಯಿಸಿ ಉಪ್ಪು ಉದುರಿಸಿದ್ರ ಸಾಕ್ರಿ ಆಯಿ" ಎಂದೆ, ಮರ್ಯಾದೆ ಉಳಿಸಿಕೊಳ್ಳಲು.

"ಯಾಕ, ನಮಗೇನು ಜ್ವರ ಬಂದಾವೇನು?"

ಎಳ್ಳಮಾವಾಸ್ಯೆಯ ದಿನ ಆ ದಂಟುಗಳು ಭಜ್ಜಿ ಎಂಬ ಹಬ್ಬದ ಪಲ್ಯಕ್ಕೆ ಬಿದ್ದವು. ಕಾಳು, ಸೊಪ್ಪು, ಹುಣಸೆ, ಕಡಲೆಹಿಟ್ಟು ಕೂಡಿ ಕುದ್ದ ಮೇಲೆ, ಕಡೆಯಲ್ಲಿ ದಂಟು ಹಾಕಿ ಇಳಿಸಿದ್ದರಿಂದ ಹಲ್ಲಿಗೆ ಕರುಂ ಎನ್ನುತ್ತಿದ್ದವು. ಮಗ ಸಜ್ಜೆ ರೊಟ್ಟಿಯ ಜೊತೆ ಎರಡು ಸಲ ಬಡಿಸಿಕೊಂಡ. ಮರುದಿನ ಎರಡು ಫರಸಿ ತೆಗೆದು ಗಿಡದ ಮಡಿಯ ಪಕ್ಕ ಆಯಿಗೆ ಕೂರಲು ಕಟ್ಟೆ ಮಾಡಿದ.

"ಸಾಕೇನವ್ವಾ?"

"ಮಾಸ್ತರಿಗೊಂದು ಹಾಕು. ಪಾಪ, ನಿಂತ್ಕೊಂಡೇ ಫೋನ್ ಓದ್ತಾರ."

ಹಾಕಿದ. ಆ ಕಲ್ಲಿನ ಮೇಲೆ ಕೂತು ನಾನು ನಾಲ್ಕು ಚಳಿಗಾಲ ದಂಟು ಕೊಯ್ಯಲು ಕಲಿತೆ. ತರಗತಿಯಲ್ಲೂ ಈ ಕಥೆ ಹೇಳುತ್ತಿದ್ದೆ: ಒಂದಕ್ಷರ ಓದದ ಮುದುಕಿ ಅನುಮಾನವೇ ಇಲ್ಲದೆ ಆರೂ ತಲೆ ಚಿವುಟಿದಳು, ಓದಿದ ನಾನು ಕೂಗಾಡಿದೆ.

ಆಯಿ ಹೋದ ವರ್ಷ ತೀರಿಕೊಂಡರು. ಅವರ ಮನೆಯಲ್ಲಿ ಕೂತು ಇದನ್ನೇ ಮತ್ತೆ ಹೇಳುವಾಗ ಸೊಸೆ ತಡೆದರು. "ಆರು ಅಲ್ರಿ ಸರ್, ಐದು. ಮೂಲ್ಯಾಗಿಂದು ಬಿಟ್ಟಿದ್ರು. ಮಾಸ್ತರ ಮಾತು ಖರೆ ಇದ್ದೀತು, ಒಂದರ ಉಳೀಲಿ, ನೋಡೋಣು ಅಂದಿದ್ರು. ಅದು ಹಳದಿ ಹೂ ಬಿಟ್ಟು ಹೋತು."

ನಾನು ನಂಬಲಿಲ್ಲ. ಅತ್ತೆಯ ಪ್ರತಾಪ ತೋರಿಸಲು ಚಿವುಟಿದ ದಿನವೇ ಗಂಡನಿಗೆ ಕಳಿಸಿದ್ದ ಫೋಟೋವನ್ನು ಅವರು ಫೋನಿನಲ್ಲಿ ಹುಡುಕಿ ಕೊಟ್ಟರು. ದೊಡ್ಡದು ಮಾಡಿ ಎರಡು ಸಲ ಎಣಿಸಿದೆ. ಐದು ಗಿಡ ಬೋಳು. ಮೂಲೆಯದಕ್ಕೆ ತಲೆ ಇದೆ.